ಅಪ್‌ಡೇಟ್: ರಬ್ಬರ್ ಆಗುತ್ತಿದ್ದ ಮಸಾಲೆ ಕೋಳಿ ಸರಿಹೋಯಿತು!

ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಸಿದ ಕೋಳಿ ಬಾಣಲೆಯಲ್ಲಿ ನೀರು ಬಿಟ್ಟು ರಬ್ಬರ್ ಥರ ಆಗುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ? ಭಾನುವಾರ ಹಾಸನದ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಕೊನೆಗೂ ಗೆದ್ದೆ.

ನೀವು ಕೊಟ್ಟ ಸಲಹೆಗಳಲ್ಲಿ ಕೈಹಿಡಿದಿದ್ದು ನಿಂಬೆರಸದ ಬದಲು ಮೊಸರಲ್ಲಿ ನೆನೆಸುವುದು. ಬೋನ್‌ಲೆಸ್ ಬಿಟ್ಟು ಅರ್ಧ ಕೆಜಿ ಲೆಗ್ ಪೀಸ್ ತಂದೆ, ಜೇಬಿಗೂ ಹಗುರ. ನೀರು ಪೂರ್ತಿ ಬಸಿದು, ಗೀರು ಹಾಕಿ, ಗಟ್ಟಿ ಮೊಸರು, ಉಪ್ಪು, ಶುಂಠಿ-ಬೆಳ್ಳುಳ್ಳಿ, ಬ್ಯಾಡಗಿ ಪುಡಿ ಹಚ್ಚಿ 4 ಗಂಟೆ ಫ್ರಿಜ್ಜಿನಲ್ಲಿಟ್ಟೆ. ಕಾದ ದೋಸೆ ಕಾವಲಿಗೆ ಒಂದು ಸಲಕ್ಕೆ ಎರಡೇ ಪೀಸು. ಎಲ್ಲಾ ಒಟ್ಟಿಗೆ ಸುರಿದರೆ ಕಾವು ಇಳಿದು ನೀರಿನಲ್ಲೇ ಬೇಯುತ್ತದೆ, ನನ್ನ ತಪ್ಪು ಅದೇ. ಬಣ್ಣ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದೆ. ನಿಂಬೆ ಹಿಂಡಿದ್ದು ಕೊನೆಗೆ.

ಮಾಂಸ ಮೆತ್ತಗಾಗಲು ಪರಂಗಿಕಾಯಿ ಹಚ್ಚುವ ಸಲಹೆ ಮಾತ್ರ ಕೈಕೊಟ್ಟಿತು. ರಾತ್ರಿಯಿಡೀ ಬಿಟ್ಟಿದ್ದೆ, ಮಾಂಸ ಮುದ್ದೆಯಾಗಿಬಿಟ್ಟಿತು! ಅದರಲ್ಲಿರುವ ಪಪೈನ್ ಅನ್ನೋ ಕಿಣ್ವ ಮಾಂಸದ ಪ್ರೋಟೀನನ್ನೇ ಒಡೆಯುತ್ತದಂತೆ. ಆ ಕೋಳಿಯನ್ನು ಸುಮ್ನೆ ಸಾರಿಗೆ ಹಾಕಿದೆ.