ಕಡತ ಗಾಜಿನ ಕೆಳಗೆ ಹೋದರೆ ಕಲಾಕೃತಿ ಆಗುತ್ತಾ?

ಹಳೇಗುಮಾಸ್ತ:
31 ವರ್ಷ ದಾಖಲೆ ವಿಭಾಗದಲ್ಲಿ ಕೂತು ನಿವೃತ್ತನಾದವನು ನಾನು. ಧೂಳು, ದಾರ, ಷರಾ, ಮೊಹರು ಎಲ್ಲದರಿಂದ ಬಿಡುಗಡೆಯಾಯ್ತು ಅಂದುಕೊಂಡಿದ್ದೆ. ಮೊನ್ನೆ ಮಗಳು ವಸ್ತುಸಂಗ್ರಹಾಲಯಕ್ಕೆ ಎಳಕೊಂಡು ಹೋದಳು. ಒಬ್ಬ ಕಲಾವಿದೆಯ ಏಕವ್ಯಕ್ತಿ ಪ್ರದರ್ಶನ; ಸಂಶೋಧನೆ ಆಧರಿಸಿದ ಇನ್‌ಸ್ಟಲೇಷನ್, ಅಂದರೆ ಕೋಣೆಯಲ್ಲಿ ವಸ್ತುಗಳನ್ನ ಜೋಡಿಸಿಯೇ ಕಟ್ಟಿದ ಕಲಾಕೃತಿ, ಅಂತ ಬಾಗಿಲಲ್ಲೇ ಬರೆದಿತ್ತು. ಅಣೆಕಟ್ಟೆಯ ನೀರಲ್ಲಿ ಮುಳುಗಿದ ಊರೊಂದರ ಕಾಗದಪತ್ರಗಳನ್ನ ಆಕೆ ವರ್ಷಗಟ್ಟಲೆ ಹುಡುಕಿದ್ದಾರಂತೆ. ಒಳಗೆ ಉದ್ದನೆಯ ಮೇಜು, ಗಾಜಿನ ಕೆಳಗೆ ಟೈಪ್ ಮಾಡಿದ ಪತ್ರಗಳು. ಗೋಡೆ ತುಂಬ ನಕ್ಷೆ. ಮೂಲೆಯಲ್ಲೊಂದು ವಿಡಿಯೊ.

ಅಭ್ಯಾಸಬಲ, ಮೊದಲ ಪತ್ರದಿಂದ ಓದೋಕೆ ಶುರು ಮಾಡಿದೆ. ತಾರೀಕಿನ ಕ್ರಮವೇ ಇಲ್ಲ! ನನ್ನ ಕೈಕೆಳಗಿನ ಹುಡುಗ ಹೀಗೆ ಜೋಡಿಸಿದ್ದರೆ ಆ ದಿನ ಊಟಕ್ಕೆ ಬಿಡ್ತಿರಲಿಲ್ಲ. ನಲವತ್ತು ನಿಮಿಷಕ್ಕೆ ಮೇಜಿನ ಕಾಲುಭಾಗ ಮುಗಿಯಿತು, ಮೊಣಕಾಲು ಪೂರ್ತಿ ಮುಗಿಯಿತು. ಆ ತುದಿಗೆ ಹೋಗಿ ಬಗ್ಗಿದರೆ ಅಕ್ಷರವೇ ಕಾಣದು, ಅಷ್ಟು ಮಂದ ಬೆಳಕು. ಮಗಳು ಮೂರೂ ಕೋಣೆ ಸುತ್ತಿ ಬಂದು, "ಅಪ್ಪಾ, ಇದನ್ನೆಲ್ಲ ಓದಬೇಕಾಗಿಲ್ಲ" ಅಂದಳು. ಓದೋದಕ್ಕಲ್ಲ ಅಂದರೆ ಇಟ್ಟಿದ್ದೇಕೆ? ಓದೋದಕ್ಕೇ ಅಂದರೆ ಕುರ್ಚಿ ಎಲ್ಲಿ? ತಮಾಷೆಗೆ ಕೇಳ್ತಿಲ್ಲ. ಇಂಥದೇ ಕಾಗದ ನನ್ನ ಮೇಜಿನ ಮೇಲಿದ್ದಾಗ ಕಡತ, ಅಲ್ಲಿ ಕಲೆ. ನಡುವೆ ಆಗಿದ್ದೇನು?

ಮೊಳೆಸುತ್ತಿಗೆ:
ಸರ್, ಪ್ರದರ್ಶನ ಜೋಡಿಸೋದೇ ನನ್ನ ಕೆಲಸ. ಬೆಳಕಿಗೆ ಕಲಾವಿದೆಯನ್ನ ಬೈಬೇಡಿ. ಹಳೇ ಕಾಗದ ಇದ್ದರೆ ಬೆಳಕನ್ನ 50 ಲಕ್ಸ್ (ಬೆಳಕು ಅಳೆಯೋ ಮಾನ) ಆಸುಪಾಸಿಗೆ ಇಳಿಸ್ತೀವಿ, ಅಂದರೆ ತೀರಾ ಮಂದ. ಶಾಯಿ ಒಮ್ಮೆ ಮಾಸಿದರೆ ವಾಪಸ್ ಬರಲ್ಲ.

ಮುಂದಿನ ಸಲ ಒಂದಕ್ಷರವೂ ಓದದೆ ಒಂದು ಸುತ್ತು ಹೊಡೀರಿ. ಯಾವುದರ ಪಕ್ಕ ಯಾವುದನ್ನ ಇಟ್ಟಿದ್ದಾರೆ ಅಷ್ಟೇ ನೋಡಿ. 1992ರಲ್ಲಿ ಅಮೆರಿಕದ ಕಲಾವಿದ ಫ್ರೆಡ್ ವಿಲ್ಸನ್ ಬಾಲ್ಟಿಮೋರಿನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಉಗ್ರಾಣ ಜಾಲಾಡಿ, ಅಲ್ಲೇ ಇದ್ದ ವಸ್ತುಗಳಿಂದ ಪ್ರದರ್ಶನ ಕಟ್ಟಿದರು. ಕುಸುರಿಯ ಬೆಳ್ಳಿ ಹೂಜಿ, ಬಟ್ಟಲುಗಳ ನಡುವೆ ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಬೇಡಿ. ಚೀಟಿಯಲ್ಲಿ ಬರೀ 'ಲೋಹದ ಕೆಲಸ, 1793–1880'. ಭಾಷಣ ಇಲ್ಲ, ವಿವರಣೆ ಇಲ್ಲ. ಜಾಗ ಬದಲಿಸಿದರು, ಅಷ್ಟೆ.

ಬೆನ್ನಿಲ್ಲದಬೆಂಚು:
ವಿಲ್ಸನ್ ಹೆಸರು ಹೇಳಿ ಉಳಿದವರನ್ನೆಲ್ಲ ದಡ ಸೇರಿಸಬೇಡಿ. ಅದು ಒಂದೇ ನೋಟಕ್ಕೆ ತಾಗುತ್ತೆ. ಈಗ ನಾನು ನೋಡೋದರಲ್ಲಿ ಬಹಳಷ್ಟು ಗೋಡೆಗೆ ಅಂಟಿಸಿದ ಪಿಎಚ್‌ಡಿ. ಗಂಟೆಗಟ್ಟಲೆ ವಿಡಿಯೊ, ಒರಗೋಕೆ ಆಸರೆ ಇಲ್ಲದ ಬೆಂಚು. ಪೂರ್ತಿ ನೋಡಿದವರೇ ಇರಲ್ಲ, ಹಾಗಾಗಿ ತಪ್ಪು ಹಿಡಿಯೋರೂ ಇರಲ್ಲ. ಇತಿಹಾಸಕಾರ ಬರೆದದ್ದನ್ನ ಇನ್ನೊಬ್ಬ ಇತಿಹಾಸಕಾರ ಕೆದಕಿ ನೋಡ್ತಾನೆ. ಇಲ್ಲಿ ನೋಡೋರು ಯಾರು? ಗುಮಾಸ್ತರ ಮೊಣಕಾಲಿನ ಪರ ನನ್ನದೊಂದು ಮತ.

ನೀಲಿಶಾಯಿ:
ಕಲಾವಿದ ಹಾನ್ಸ್ ಹಾಕೆಯ ಕಥೆ ಗುಮಾಸ್ತರಿಗೆ ಹಿಡಿಸುತ್ತೆ. ನ್ಯೂಯಾರ್ಕಿನಲ್ಲಿ ಒಂದು ಗುಂಪು ಹತ್ತಾರು ಕಂಪನಿಗಳ ಹೆಸರಿನ ಹಿಂದೆ ಇಟ್ಟುಕೊಂಡಿದ್ದ ಕಟ್ಟಡ, ಖಾಲಿ ನಿವೇಶನಗಳು, 140ಕ್ಕೂ ಹೆಚ್ಚು. ಅವನ್ನೇ ಹಾಕೆ ಕೃತಿ ಮಾಡಿದರು: ಒಂದೊಂದಕ್ಕೂ ಒಂದು ಫೋಟೊ. ಜೊತೆಗೆ ವಿಳಾಸ, ಮಾಲೀಕರ ಹೆಸರು, ಕೊಂಡ ವಿವರ, ಅಡಮಾನ. ಎಲ್ಲ ಯಾರು ಬೇಕಾದರೂ ಕೇಳಿ ನೋಡಬಹುದಾದ ಸಾರ್ವಜನಿಕ ದಾಖಲೆಗಳಿಂದ ತೆಗೆದದ್ದು. 1971ರಲ್ಲಿ ಅದೇ ನಗರದ ಗುಗನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ಆಗಬೇಕಿತ್ತು. ಇಂಥ ಕೃತಿಗಳು ಬೇಡ ಅಂದರು ಮ್ಯೂಸಿಯಮ್ಮಿನ ನಿರ್ದೇಶಕರು. ಹಾಕೆ ಜಗ್ಗಲಿಲ್ಲ, ಪ್ರದರ್ಶನವೇ ರದ್ದಾಯ್ತು. ಅವರ ಪರ ನಿಂತ, ಅಲ್ಲಿ ಪ್ರದರ್ಶನ ರೂಪಿಸುತ್ತಿದ್ದ ಕ್ಯುರೇಟರ್ ಎಡ್ವರ್ಡ್ ಫ್ರೈ ಅವರ ಕೆಲಸವೂ ಹೋಯ್ತು. ಕೃತಿ ಈಗ ಅದೇ ನಗರದ ವಿಟ್ನಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ, ಅದು ಬೇರೆ ಮಾತು.

ಕಪಾಟುಗಳಲ್ಲಿ ಚೆದುರಿ ಕೂತಿದ್ದಾಗ ಯಾರ ನಿದ್ದೆಯನ್ನೂ ಕೆಡಿಸದ ಮಾಹಿತಿ, ಸರ್. ಗೋಡೆ ಮೇಲೆ ಸಾಲಾಗಿ ನಿಂತಾಗ ಕೆಡಿಸಿತು. ಚೀಟಿಗಳನ್ನೆಲ್ಲ ಓದಲಿ ಬಿಡಲಿ, ಸಾಲು ಕಣ್ಣಿಗೆ ಬಿದ್ದೇ ಬೀಳುತ್ತೆ.

ಹಳೇಗುಮಾಸ್ತ:
ಮತ್ತೆ ಹೋಗಿದ್ದೆ, ಒಬ್ಬನೇ. ಮೊಳೆಸುತ್ತಿಗೆಯವರ ಮಾತಿನಂತೆ ಓದುವ ಕನ್ನಡಕವನ್ನ ಜೇಬಿನಲ್ಲೇ ಇಟ್ಟು ನಡೆದೆ. ಓದದೆ ನೋಡಿದಾಗ ಕಂಡಿತು: ಮೇಜಿನ ಈ ತುದಿಯಿಂದ ಆ ತುದಿಗೆ ಅಕ್ಷರ ತೆಳುವಾಗ್ತಾ ಹೋಗುತ್ತೆ. ಬೆಳಕು ಉದ್ದಕ್ಕೂ ಒಂದೇ. ಆಕೆ ಜೋಡಿಸಿದ್ದು ತಾರೀಕಿನ ಕ್ರಮದಲ್ಲಲ್ಲ, ಕಾರ್ಬನ್ ಕ್ರಮದಲ್ಲಿ.

ಟೈಪ್ ಮಾಡಿದವರಿಗೆ ಗೊತ್ತು. ಆರು ಹಾಳೆ, ನಡುವೆ ಐದು ಕಾರ್ಬನ್, ಒಟ್ಟಿಗೇ ಯಂತ್ರಕ್ಕೆ ಏರಿಸೋದು. ಮೊದಲನೆಯದು ಮೇಲಧಿಕಾರಿಗೆ, ಎರಡನೆಯದು ಕಡತಕ್ಕೆ. ಕೊನೆಯದರಲ್ಲಿ ಬರೀ ಬೂದು ನೆರಳು. ಅದು ಯಾರ ಮನೆ ಮುಳುಗುತ್ತೋ ಅವರಿಗೆ. ಎಷ್ಟು ಪರಿಹಾರ, ಯಾವ ದಿನದೊಳಗೆ ಖಾಲಿ ಮಾಡಬೇಕು ಎಲ್ಲ ಆ ನೆರಳಿನಲ್ಲೇ. ನಾನೂ ಹಾಗೇ ಕಳಿಸಿದ್ದೀನಿ, ಎಷ್ಟೋ. ಕೊನೆ ಪ್ರತಿ ಕೈಗೆ ಬಂದವರು ಅದನ್ನ ಹೇಗೆ ಓದಿಕೊಂಡರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಬೆಂಚಿನವರೇ, ಕುರ್ಚಿ ವಿಷಯದಲ್ಲಿ ನಾನು ಈಗಲೂ ನಿಮ್ಮ ಕಡೆ. ಕೆದಕಿ ನೋಡೋರು ಯಾರು ಅಂದಿರಲ್ಲ, ಆಮೇಲೆ ಕನ್ನಡಕ ಹಾಕಿಕೊಂಡು ಓದಿದ ಮಟ್ಟಿಗೆ ನೋಡಿದೆ. ಒಂದು ಪತ್ರದ ರವಾನೆ ಸಂಖ್ಯೆ ಪಕ್ಕದ ಲಕೋಟೆಯ ಸಂಖ್ಯೆಗೆ ಹೊಂದಲ್ಲ. ಚೀಟಿಯಲ್ಲಿ ಬರೆದು ಕಾವಲಿನವರ ಕೈಗೆ ಕೊಟ್ಟು ಬಂದಿದ್ದೀನಿ.