ಸಹಾಯ ಬೇಕು: ಸದ್ದು ಕಡಿಮೆ, ಬಾಳಿಕೆ ಜಾಸ್ತಿ ಇರುವ ಟೈರ್ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮ ಲಕ್ಷುರಿ ಸೆಡಾನ್‌ಗೆ ನಾಲ್ಕೂ ಟೈರ್ ಬದಲಾಯಿಸಬೇಕು. ಸೈಜ್ 245/45 ಆರ್18, ಈಗಿರುವುದು ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಿಸಬಹುದಾದ ಟೈರ್).

ಎಂಜಿನ್ ಸದ್ದೇ ಕೇಳಿಸದ ಕಾರು. ಆದರೆ ವೇಗ 60 ದಾಟಿದರೆ ಸಾಕು, ಕೆಳಗಿಂದ ಗುಂಯ್ ಅಂತ ಶುರು. ಹಿಂದಿನ ಟೈರ್ ಮೇಲೆ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಗಲುತ್ತದೆ. ಅಲೈನ್‌ಮೆಂಟ್ ಸರಿಯಿಲ್ಲದೆ ಹೊಸದು ಹಾಕಿದರೆ ಅದೂ ಹೀಗೇ ಸವೆಯುತ್ತದೆ, ಹಾಗಾಗಿ ಮೊದಲು ಅದನ್ನು ಮಾಡಿಸುತ್ತೇನೆ.

ಮುಖ್ಯ ಗೊಂದಲ ರನ್‌ಫ್ಲಾಟ್ ಬಿಡಬೇಕಾ ಅನ್ನೋದು. ಅದರ ಪಕ್ಕದ ಗೋಡೆ ಗಟ್ಟಿ, ಹಳ್ಳ ಸಿಕ್ಕಿದರೆ ಸೊಂಟಕ್ಕೇ ಹೊಡೆತ. ಮಾಮೂಲಿ ಟೈರ್ ಮೆತ್ತಗಿರುತ್ತದೆ. ಆದರೆ ಕಾರಲ್ಲಿ ಸ್ಟೆಪ್ನಿ ಇಲ್ಲ. ಪಂಕ್ಚರ್ ಕಿಟ್, ಗಾಳಿ ಪಂಪ್ ಇಟ್ಟುಕೊಂಡು ಓಡಾಡಬಹುದು, ಆದರೆ ಪಕ್ಕ ಹರಿದರೆ ಕಿಟ್ ಕೆಲಸಕ್ಕೆ ಬರಲ್ಲ ಅಲ್ವಾ? ಬದಲಾಯಿಸಿದವರು ಏನು ಮಾಡಿಕೊಂಡಿದ್ದೀರಿ?

ಒಳಗೆ ಫೋಮ್ ಅಂಟಿಸಿದ ಟೈರ್ ಬಗ್ಗೆಯೂ ಹೇಳಿ. ಅದು ಟೈರಿನೊಳಗಿನ ಗಾಳಿಯ ಗುಂಯ್‌ಗುಡುವಿಕೆ ತಗ್ಗಿಸುತ್ತದೆ, ಸರಿ. ಒರಟು ರಸ್ತೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತಾ? ಪಂಕ್ಚರ್ ಹಾಕುವವರು ಫೋಮ್ ಕತ್ತರಿಸಿ ಸರಿಯಾಗಿ ಮಾಡಿಕೊಡುತ್ತಾರಾ?

ಸದ್ಯಕ್ಕೆ ಮನಸ್ಸಲ್ಲಿರುವುದು ಮಿಶೆಲಿನ್ ಪ್ರೈಮಸಿ 4, ಗುಡ್‌ಇಯರ್ ಎಫಿಶಿಯೆಂಟ್‌ಗ್ರಿಪ್ ಪರ್ಫಾರ್ಮೆನ್ಸ್ 2. ಟೈರ್ ಎಷ್ಟು ನಿಧಾನವಾಗಿ ಸವೆಯುತ್ತದೆ ಅಂತ ಸೂಚಿಸುವ ಟ್ರೆಡ್‌ವೇರ್ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಅದನ್ನಷ್ಟೇ ನೋಡಿ ಬಾಳಿಕೆ ಹೋಲಿಸಲು ಮನಸ್ಸಿಲ್ಲ. ಹೊಸದರಲ್ಲಿ ಎಲ್ಲ ಟೈರೂ ಸುಮ್ನೆ ಇರುತ್ತವೆ. ಅರ್ಧ ಸವೆದ ಮೇಲೆ ಹೇಗಿದೆ ಅಂತ ಬಳಸಿದವರು ದಯವಿಟ್ಟು ತಿಳಿಸಿ.