ಫಿರಂಗಿ ಮದ್ದಿನಲ್ಲಿ ಬೆಂಕಿ ಹಬ್ಬೋದು, ಉರಿಯೋದು: ಎರಡಕ್ಕೂ "ದಹನ ವೇಗ" ಸರಿನಾ?

ಎಲ್ಲರಿಗೂ ನಮಸ್ಕಾರ,

ಫಿರಂಗಿ ಮದ್ದಿನ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀತಿದೀನಿ, ಪದ ಸಿಗದೆ ನಿಂತುಬಿಟ್ಟಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಮಾಡಿದ ಹೊಗೆಯಿಲ್ಲದ ಮದ್ದು, ಆಮೇಲೆ ಬಂದ ಬ್ರಿಟಿಷರ ಕಾರ್ಡೈಟ್ (ನೀಲಗಿರಿಯ ಅರವಂಕಾಡಲ್ಲಿ ಇದಕ್ಕೇ ಅಂತ ಕಾರ್ಖಾನೆ ಕಟ್ಟಿದ್ರು), ಇವೆಲ್ಲ ಕರಿಮದ್ದಿನ ಥರ ಪುಡಿ ಅಲ್ಲ, ಚಕ್ಕೆ, ಕಡ್ಡಿ, ಉದ್ದಕ್ಕೂ ತೂತಿರೋ ತುಂಡು ಹೀಗೆ ಇರ್ತವೆ.

ಇದರಲ್ಲಿ ಬೆಂಕಿ ಎರಡು ಥರ ಮುಂದೆ ಹೋಗುತ್ತೆ. ಇಗ್ನೈಟರ್ (ಮದ್ದಿಗೆ ಮೊದಲು ಬೆಂಕಿ ತಾಗಿಸೋ ಸಾಧನ) ಹತ್ತಿದ ತಕ್ಷಣ ಬಿಸಿ ಗ್ಯಾಸು, ಕೆಂಡದಂಥ ಕಣಗಳು ತುಂಡುಗಳ ಸಂದೀಲಿ ನುಗ್ಗಿ ಒಂದರ ಮೈಯಿಂದ ಇನ್ನೊಂದರ ಮೈಗೆ ಜ್ವಾಲೆ ದಾಟಿಸ್ಕೊಂಡು ಹೋಗ್ತವೆ, ಎಲ್ಲಾ ಕೆಲವೇ ಮಿಲಿಸೆಕೆಂಡಲ್ಲಿ. ಹತ್ತಿಕೊಂಡ ತುಂಡು ಮಾತ್ರ ಹೊರಗಿಂದ ಒಳಕ್ಕೆ ಪದರ ಪದರವಾಗಿ ಉರಿದು ಹೋಗುತ್ತೆ, ಸೋಪು ಸವೆದ ಹಾಗೆ. ಇದನ್ನ 1839ರಲ್ಲೇ ಫ್ರಾನ್ಸಿನ ಫಿರಂಗಿದಳದ ಅಧಿಕಾರಿ ಪಿಯೋಬೇರ್ ಹೇಳಿದ್ದ. ಒತ್ತಡ ಏರಿದಷ್ಟೂ ಈ ಸವೆತ ಜೋರಾಗುತ್ತೆ.

ಎರಡಕ್ಕೂ "ದಹನ ವೇಗ" ಅಂತ ಬರೆದ್ರೆ ಓದೋರಿಗೆ ಮುಖ್ಯ ವಿಷಯಾನೇ ತಲುಪಲ್ಲ. ಮದ್ದಿನ ಒಂದು ತುದಿ ಮಾತ್ರ ಹತ್ತಿ ಇನ್ನೊಂದು ತುದಿ ತಣ್ಣಗಿದ್ರೆ ಒತ್ತಡ ಒಂದೇ ಕಡೆ ಏರಿ ಅಲೆ ಥರ ಹಿಂದೆ ಮುಂದೆ ಬಡಿಯುತ್ತೆ, ಆ ಬಡಿತಕ್ಕೆ ತುಂಡುಗಳು ಒಡೆದ್ರೆ ಉರಿಯೋ ಮೈ ಒಮ್ಮೆಲೇ ಜಾಸ್ತಿಯಾಗಿ ಫಿರಂಗೀನೇ ಸೀಳಿಹೋಗಬಹುದು. ಅದಕ್ಕೇ ದೊಡ್ಡ ಫಿರಂಗಿಗಳ ಮದ್ದಿನ ನಡುವೆ ಉದ್ದಕ್ಕೂ ತೂತಿರೋ ಇಗ್ನೈಟರ್ ಕೊಳವೆ ಇಡೋದು. ಇಷ್ಟು ಮುಖ್ಯವಾದ ಸಂಗತಿಗೆ ಅದರದ್ದೇ ಹೆಸರು ಬೇಡ್ವಾ?

ನನಗೆ ಹೊಳೆದಿದ್ದು, ಮೊದಲನೇದಕ್ಕೆ "ಜ್ವಾಲೆ ಹಬ್ಬುವ ವೇಗ", ಎರಡನೇದಕ್ಕೆ "ಉರಿಸವೆತದ ವೇಗ". "ಜ್ವಾಲಾ ಪ್ರಸರಣ" ಅಂತ ಕೆಲವರು ಹೇಳಬಹುದು, ತಪ್ಪಲ್ಲ, ಆದ್ರೆ ಪ್ರಸರಣ ಅಂದ ಕೂಡ್ಲೇ ನನಗೆ ಪತ್ರಿಕೆ ಮಾರಾಟಾನೇ ನೆನಪಾಗುತ್ತೆ. ಹಬ್ಬು ಅನ್ನೋ ಕ್ರಿಯಾಪದ ಬಳ್ಳಿಗೂ ಕಾಡ್ಗಿಚ್ಚಿಗೂ ಮೊದಲಿಂದ ಇರೋದೇ. ಇನ್ನು ಇದನ್ನೆಲ್ಲ "ಸ್ಫೋಟ" ಅಂತ ಬರೆಯೋದು ದಯವಿಟ್ಟು ಬೇಡ, ಫಿರಂಗಿಯೊಳಗೆ ಮದ್ದು ಉರೀಬೇಕೇ ಹೊರತು ಸ್ಫೋಟ ಆಗಬಾರದು.

ಮದ್ದಿನ ಒಂದೊಂದು ತುಂಡಿಗೆ "ಕಾಳು" ಅನ್ನಬಹುದಾ, ಬೆರಳುದ್ದ ಇರೋದಕ್ಕೆ ಅದು ಒಪ್ಪುತ್ತಾ? ಕೊಡಗು, ಮಲೆನಾಡಿನೋರು ಯಾರಾದ್ರೂ ಇದ್ರೆ ಇನ್ನೊಂದು ಪ್ರಶ್ನೆ: ಕೇಪಿನ ಕೋವೀಲಿ ಕೇಪು ಸಿಡಿದ್ರೂ ಒಳಗಿನ ಮದ್ದು ಒಂದು ಗಳಿಗೆ ತಡೆದು ಹತ್ತಿಕೊಂಡ್ರೆ ನಿಮ್ಮ ಕಡೆ ಹಿರಿಯರು ಅದಕ್ಕೆ ಏನಂತಾರೆ?